ನಮ್ಮ ಬದಲಾವಣೆಯ ಬಗ್ಗೆ ಬರೆಯುವಾಗ ಸೋಲುಗಳನ್ನೂ ಹೇಳಿಕೊಳ್ಳಬೇಕೆ?

ಮೊಬೈಲ್ ಗೀಳಿನಿಂದ ಹೊರಬಂದ ಬಗೆಯನ್ನು ಬರೆಯುತ್ತಿರುವ ನೀವು ನಡುನಡುವೆ ಮತ್ತೆ ಅದಕ್ಕೇ ಜಾರುತ್ತಿದ್ದೀರಿ. ಅದನ್ನು ಹೇಳಿಕೊಂಡರೆ ಓದುಗರ ನಂಬಿಕೆ ಹೋದೀತೇ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನಾನೂ ಇದೇ ಲೆಕ್ಕ ಹಾಕಿದ್ದೆ.

ಆಗ ನಾನು ಸಿಟ್ಟಿಲ್ಲದೆ ನೂರು ದಿನ ಕಳೆಯುವ ಪಣ ತೊಟ್ಟು, ವಾರಕ್ಕೊಂದು ಲೇಖನ ಬರೆಯುತ್ತಿದ್ದೆ. ಅರವತ್ತನೆಯ ದಿನದ ಆಸುಪಾಸಿನ ಒಂದು ಸಂಜೆ, ಎರಡನೆಯ ತರಗತಿಯಲ್ಲಿದ್ದ ಮಗಳಿಗೆ ಏಳರ ಮಗ್ಗಿ ಹೇಳಿಕೊಡುತ್ತಿದ್ದೆ. ಏಳೆಂಟ್ಲ ಐವತ್ನಾಲ್ಕು ಎಂದು ಅವಳು ಮೂರನೆಯ ಸಲ ಹೇಳಿದಾಗ ಪುಸ್ತಕವನ್ನು ಕಿತ್ತುಕೊಂಡು ನಡುವೆ ಹರಿದುಬಿಟ್ಟೆ. ಅವಳು ಅಳಲಿಲ್ಲ. ನೆಲಕ್ಕೆ ಬಿದ್ದ ಹಾಳೆಗಳನ್ನು ಆಯ್ದು, ತಾನೇ ಬೈಂಡು ಹಾಕಿದ್ದ ಕಂದು ಕಾಗದದೊಳಗೆ ಸೇರಿಸಿಕೊಂಡು ಅಜ್ಜಿಯ ಕೋಣೆಗೆ ಹೋದಳು.

ಆ ವಾರ ನಾನು ಬರೆದದ್ದು ಇಷ್ಟು: ಮಗ್ಗಿ ಕಲಿಸುವಾಗ ಸಿಟ್ಟು ಬಂದಿತು, ಎದ್ದು ಅಂಗಳಕ್ಕೆ ಹೋಗಿ, ಉಸಿರು ತಹಬಂದಿಗೆ ಬರುವವರೆಗೆ ನಿಂತೆ. ಇದರಲ್ಲಿ ಒಂದು ಪದವೂ ಸುಳ್ಳಲ್ಲ. ಸಿಟ್ಟು ಬಂದದ್ದು ನಿಜ, ಅಂಗಳಕ್ಕೆ ಹೋದದ್ದೂ ನಿಜ. ಆದರೆ ಹೋದದ್ದು ಪುಸ್ತಕ ಹರಿದ ಮೇಲೆ. ಎರಡು ನಿಜಗಳ ನಡುವಿನ ಮೂರನೆಯದನ್ನು ತೆಗೆದಿದ್ದರಿಂದ, ನನ್ನ ಸೋಲು ಓದುಗರಿಗೆ ಸಂಯಮದ ಪಾಠವಾಗಿ ಕಂಡಿತು; ಮೆಚ್ಚುಗೆಯೂ ಬಂದಿತು. ಹಸಿ ಸುಳ್ಳನ್ನು ಬರೆದಿದ್ದರೆ ಬಹುಶಃ ನನ್ನ ಕೈಯೇ ತಡೆಯುತ್ತಿತ್ತು. ಹೀಗೆ ಬಿಟ್ಟು ಬರೆದಾಗ ಮನಸ್ಸು ಚುಚ್ಚಲೇ ಇಲ್ಲ. ಚುಚ್ಚದ ಕಾರಣ ಮಗಳ ಬಳಿ ಕ್ಷಮೆ ಕೇಳಬೇಕೆಂದೂ ಅನ್ನಿಸಲಿಲ್ಲ. ಎರಡು ವರ್ಷಗಳ ನಂತರ ಅವಳೇ ಆ ಲೇಖನವನ್ನು ಓದಿ, "ಅಪ್ಪ, ನನ್ನ ಪುಸ್ತಕ ಹರಿದಿದ್ದು ಇಲ್ಲಿಲ್ವಲ್ಲ?" ಎಂದು ಕೇಳಿದಳು. ದೂರುವ ದನಿ ಅದಾಗಿರಲಿಲ್ಲ. ನಾನು ಮರೆತಿರಬೇಕೆಂದು ಅವಳು ತಿಳಿದಿದ್ದಳು.

ಇನ್ನೊಂದು ನಷ್ಟವನ್ನೂ ಹೇಳಬೇಕು. ಸೋಲುಗಳನ್ನು ಬಿಟ್ಟು ಬರೆದ ಲೇಖನಗಳಲ್ಲಿ ಸಿಟ್ಟಿನ ಕಾರಣ ನನಗೇ ಕಾಣಿಸಲಿಲ್ಲ. ಮಗಳ ಪ್ರಶ್ನೆಯ ನಂತರ ಸಿಟ್ಟು ಬಂದ ಹೊತ್ತನ್ನಷ್ಟೇ ಒಂದು ವಹಿಯಲ್ಲಿ ಗುರುತು ಮಾಡತೊಡಗಿದೆ. ಹನ್ನೊಂದು ಸಲದಲ್ಲಿ ಒಂಬತ್ತು ಸಲ ಅದು ಬಸ್ಸಿಳಿದು ಮನೆಗೆ ಬಂದ ಮೇಲೆ, ಊಟಕ್ಕೆ ಮೊದಲು ಬಂದಿತ್ತು. ಈಗ ನಾನು ಊಟ ಮುಗಿಸದೆ ಯಾರಿಗೂ ಪಾಠ ಹೇಳುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಓದುಗರ ನಂಬಿಕೆ ಉಳಿಯುವುದೋ ಹೋಗುವುದೋ ಎಂಬುದು ಆಮೇಲಿನ ಮಾತು. ಜಾರಿದ್ದನ್ನು ಬರೆಯದಿದ್ದರೆ ಏಕೆ ಜಾರಿದಿರಿ ಎಂಬುದು ಮೊದಲು ನಿಮಗೇ ತಿಳಿಯುವುದಿಲ್ಲ. ಹಾಗೆಂದು ಎಲ್ಲವನ್ನೂ ಆ ದಿನವೇ ಲೋಕದ ಮುಂದೆ ತೋಡಿಕೊಳ್ಳುವುದನ್ನೂ ನಾನು ಮೆಚ್ಚುವುದಿಲ್ಲ. ಗಾಂಧೀಜಿ ಹದಿನೈದರ ಪ್ರಾಯದಲ್ಲಿ, ಅಣ್ಣನ ಸುಮಾರು 25 ರೂಪಾಯಿ ಸಾಲ ತೀರಿಸಲು ಅವನದೇ ತೋಳ್ಬಂದಿಯಿಂದ ಚೂರು ಬಂಗಾರವನ್ನು ಕದ್ದಿದ್ದರು. ಅದನ್ನು ಅವರು ಮೊದಲು ಚೀಟಿಯಲ್ಲಿ ಬರೆದು, ಶಿಕ್ಷೆಯನ್ನೂ ಬೇಡಿ, ಕಾಯಿಲೆ ಮಲಗಿದ್ದ ತಂದೆಯ ಕೈಗೆ ಕೊಟ್ಟರು. ತಂದೆ ಓದಿ ಕಣ್ಣೀರಿಟ್ಟು ಚೀಟಿಯನ್ನು ಹರಿದರು. ಅವರ ವಾರಪತ್ರಿಕೆ ‘ನವಜೀವನ’ದಲ್ಲಿ, ಈ ಪ್ರಸಂಗವನ್ನು ಹೇಳುವ ಆತ್ಮಕಥೆ ಬರತೊಡಗಿದ್ದು 1925ರಲ್ಲಿ, ಅಂದರೆ ಸುಮಾರು ನಲವತ್ತು ವರ್ಷಗಳ ನಂತರ. ತಪ್ಪು ಯಾರಿಗೆ ತಟ್ಟಿತೋ ಅವರು ಮೊದಲು, ಓದುಗರು ಆಮೇಲೆ. ಈ ಕ್ರಮವನ್ನೇ ನಾನು ತಲೆಕೆಳಗು ಮಾಡಿದ್ದೆ.

ರಾತ್ರಿ ಮೊಬೈಲ್ ಹಿಡಿದು ಕುಳಿತಾಗ ಯಾರ ಮಾತು ನಿಮ್ಮ ಕಿವಿಗೆ ಬೀಳಲಿಲ್ಲವೋ ಅವರೊಡನೆ ಮೊದಲು ಮಾತಾಡಿ. ಅವರು ಒಪ್ಪಿದರೆ, ಗಂಟೆ ಎಷ್ಟಾಗಿತ್ತು ಎಂಬುದರಿಂದ ಹಿಡಿದು ನಡೆದ ಕ್ರಮದಲ್ಲೇ ಬರೆಯಿರಿ. ನಾನೂ ಮಗಳನ್ನು ಕೇಳಿಯೇ ಆ ಹಳೆಯ ಲೇಖನವನ್ನು ತಿದ್ದಿದೆ. ಹರಿದದ್ದನ್ನು ಸೇರಿಸಿ ಓದಿ ಹೇಳಿದಾಗ, ತಾನು ಮೂರು ಸಲವೂ ಐವತ್ನಾಲ್ಕು ಎಂದದ್ದನ್ನೂ ಬರೆಯಬೇಕೆಂದು ಅವಳೇ ಹೇಳಿದಳು.