ಗೇರ್‌ಬಾಕ್ಸ್ ಬಿಚ್ಚಿಸೋ ಮುಂಚೆ ಆಯಿಲ್ ನೋಡಿ ಸ್ವಾಮಿ

ಪ್ರಶ್ನೆ: ನಮಸ್ಕಾರ ಸಾರ್, ನಾನು ಮಂಡ್ಯದವನು. ನಮ್ಮದು ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಆಟೊಮ್ಯಾಟಿಕ್ ಕಾರು, 90 ಸಾವಿರ ಕಿ.ಮೀ. ಓಡಿದೆ. ಬೆಳಿಗ್ಗೆ ‘ಡಿ’ಗೆ ಹಾಕಿದರೆ ಎರಡು ಸೆಕೆಂಡ್ ಸುಮ್ಮನಿದ್ದು ಆಮೇಲೆ ಧಡ್ ಅಂತ ಎಳೆಯುತ್ತದೆ. ಗೇರ್‌ಬಾಕ್ಸ್ ಹೋಗಿದೆ, ಬಿಚ್ಚಲೇಬೇಕು ಅಂತಾರೆ ಮೆಕ್ಯಾನಿಕ್. ಗೇರ್ ಆಯಿಲ್ ಲೈಫ್‌ಟೈಮ್ ಅಂದಿದ್ದರು, ಹಾಗಾಗಿ ಇದುವರೆಗೂ ಬದಲಾಯಿಸಿಲ್ಲ.

ಉತ್ತರ: ಯಾರ ಲೈಫ್‌ಟೈಮ್ ಅಂತ ಕೇಳಬೇಕಿತ್ತು. ಬಿಸಿಯಾಗುವ ಯಾವ ಆಯಿಲೂ ಕಾಯಂ ಅಲ್ಲ. ಕಬ್ಬಿನ ಸೀಸನ್‌ನಲ್ಲಿ ಟ್ರ್ಯಾಕ್ಟರ್ ಹಿಂದೆ ತೆವಳೋದು, ದಸರಾ ಟೈಮಲ್ಲಿ ಮೈಸೂರು ಪೇಟೆಯಲ್ಲಿ ನಿಂತು ನಿಂತು ಹೋಗೋದು, ಬೆಟ್ಟ ಹತ್ತೋದು, ಇದೆಲ್ಲ ಗೇರ್‌ಬಾಕ್ಸಿಗೆ ಕಠಿಣ ಬಳಕೆಯೇ. ಹೀಗೆ ಓಡಿಸುವವರು 60 ಸಾವಿರದ ಹೊತ್ತಿಗೆ ಆಯಿಲ್ ಬದಲಾಯಿಸಿ. ನಿಮ್ಮ ಕಾರಿನ ಪುಸ್ತಕ ಇನ್ನೂ ಬೇಗ ಮಾಡಿ ಅಂದರೆ ಅದನ್ನೇ ಕೇಳಿ.

ನಿಮ್ಮ ಮೆಕ್ಯಾನಿಕ್ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದರಾ? ಅದನ್ನೇ ನೀವು ಬರೆದಿಲ್ಲ. ಬರೀ ಎಂಜಿನ್ ಓದುವ ಅಗ್ಗದ ಡಬ್ಬಿ ಸಾಲದು. ಅದರಲ್ಲಿ ಪಿ 0700 ಅಂತ ಕೋಡ್ ಬಂದರೆ, ಗೇರ್‌ಬಾಕ್ಸಿನ ಕಂಪ್ಯೂಟರ್ ಏನೋ ದೂರು ಬರೆದಿಟ್ಟಿದೆ ಅಂತಷ್ಟೇ ಅರ್ಥ. ಆ ದೂರು ಏನು ಅಂತ ಗೇರ್‌ಬಾಕ್ಸಿನ ಆ ಕಂಪ್ಯೂಟರನ್ನೇ ಓದುವ ಸ್ಕ್ಯಾನರ್‌ನಲ್ಲೇ ನೋಡಬೇಕು. ಪಿ 0700 ನೋಡಿ ಗೇರ್‌ಬಾಕ್ಸ್ ಇಳಿಸುವವರನ್ನು ನಾನು ಮೆಕ್ಯಾನಿಕ್ ಅಂತ ಒಪ್ಪಲ್ಲ.

ಆಮೇಲೆ ಆಯಿಲ್. ಮಟ್ಟ ಕಮ್ಮಿ ಇದ್ದರೆ ಒತ್ತಡ ಕಟ್ಟೋದು ತಡವಾಗುತ್ತದೆ, ನಿಮ್ಮ ಎರಡು ಸೆಕೆಂಡ್ ಇದೇ ಇರಬಹುದು. ಈ ಆಯಿಲ್ ಉರಿದು ಖರ್ಚಾಗುವುದಿಲ್ಲ, ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರಿದೆ. ಸೋರುವ ಸೀಲ್ ಹುಡುಕದೆ ಸುಮ್ನೆ ಟಾಪ್‌ಅಪ್ ಮಾಡಿ ಕಳಿಸಿದರೆ ಬಿಡಬೇಡಿ. ಈಗಿನ ಎಷ್ಟೋ ಕಾರುಗಳಲ್ಲಿ ಆಯಿಲ್ ಮಟ್ಟ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಇಲ್ಲ, ಎಂಜಿನ್ ಓಡುತ್ತಿರುವಾಗ, ಕಾರು ಕಂಪನಿ ಹೇಳಿದಷ್ಟು ಆಯಿಲ್ ಬಿಸಿ ಇರುವಾಗ ಕೆಳಗಿನ ಪ್ಲಗ್ ತೆಗೆದು ನೋಡಬೇಕು, ಅದಕ್ಕೂ ಸ್ಕ್ಯಾನರ್ ಬೇಕು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗೆ ಕ್ಲಚ್ ಪ್ಲೇಟ್ ಸುಡುತ್ತಿರಬಹುದು. ಹಾಗಿದ್ದರೆ, ಇಲ್ಲವೇ ಲೋಹದ ಚೂರು ಬಂದರೆ, ಮೆಕ್ಯಾನಿಕ್ ಹೇಳಿದ್ದು ಸರಿ ಇರಬಹುದು.

‘ಧಡ್’ ಬಗ್ಗೆ: ಎಂಜಿನ್ ಮೌಂಟ್ (ಎಂಜಿನ್ ಹಿಡಿದಿಡುವ ರಬ್ಬರ್) ನೋಡಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ ‘ಆರ್’ನಿಂದ ‘ಡಿ’ಗೆ ಹಾಕುವಾಗ ಎಂಜಿನ್ ಎಗರಿದರೆ ರಬ್ಬರ್ ಹೋಗಿದೆ, ಅಷ್ಟೇ. ನೋಡುವವರು ಪಕ್ಕದಲ್ಲಿ ನಿಲ್ಲಲಿ, ಕಾರಿನ ಮುಂದೆ ಅಲ್ಲ.

ಆಯಿಲ್ ಬದಲಾಯಿಸಲು ಹೇಳಿದರೆ ‘ಫ್ಲಶ್’ ಅಂತ ಮಷೀನಿಗೆ ಕೆಮಿಕಲ್ ಹಾಕಿ ಗೇರ್‌ಬಾಕ್ಸ್ ಒಳಗೆ ನೂಕಿ ತೊಳೆಯುತ್ತಾರೆ. ಹಳೆ ಗೇರ್‌ಬಾಕ್ಸಿಗೆ ನಾನು ಒಪ್ಪಲ್ಲ. ಆಯಿಲ್ ಒಮ್ಮೆ ಇಳಿಸಿದರೆ ಅರ್ಧಕ್ಕಿಂತ ಕಮ್ಮಿ ಬರುತ್ತದೆ, ಉಳಿದದ್ದು ಕನ್ವರ್ಟರ್ ಒಳಗೇ ಇರುತ್ತದೆ. ಅದಕ್ಕೇ ಸ್ವಲ್ಪ ಓಡಿಸಿ ಮತ್ತೆ ಇಳಿಸಿ ತುಂಬಿಸಿ. ಪುಸ್ತಕದಲ್ಲಿ ಬರೆದ ನಮೂನೆಯೇ ಇರಲಿ. ‘ಎಲ್ಲ ಗಾಡಿಗೂ ಆಗುತ್ತೆ’ ಅನ್ನೋ ಡಬ್ಬ ಬೇಡ, ಅದರಲ್ಲೂ ಸಿವಿಟಿ (ಬೆಲ್ಟ್ ಮೇಲೆ ನಡೆಯುವ ಗೇರ್‌ಬಾಕ್ಸ್) ಇದ್ದವರು ಹತ್ತಿರಕ್ಕೂ ಹೋಗಬೇಡಿ.

ಪ್ರಶ್ನೆ: ಚಾಮುಂಡಿ ಬೆಟ್ಟ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತಾ?

ಇಲ್ಲ. ಈಗಿನ ಕಾರುಗಳಲ್ಲಿ ಇಳಿಜಾರಿನಲ್ಲಿ ಗೇರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಪೂರ್ತಿ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಉರಿಯುತ್ತಲೇ ಇರುತ್ತದೆ. ಅದಿರಲಿ, ಎಂಜಿನ್ ಹಿಡಿತ ಇಲ್ಲದೆ ಬ್ರೇಕ್ ಕಾದು ಹಿಡಿಯದೆ ಹೋದರೆ ಯಾರನ್ನು ಕೇಳುತ್ತೀರಿ?

ಪ್ರಶ್ನೆ: ಏರಿನಲ್ಲಿ ಎಎಂಟಿ (ಕ್ಲಚ್ ಒತ್ತೋದು, ಗೇರ್ ಹಾಕೋದು ಮಷೀನೇ ಮಾಡುವ) ಕಾರು ಹಿಂದೆ ಜಾರದಂತೆ ಆಕ್ಸಿಲರೇಟರ್ ಒತ್ತಿ ನಿಲ್ಲಿಸಬಹುದಾ?

ಕ್ಲಚ್ ಸುಡಬೇಕೆಂದಿದ್ದರೆ ಒತ್ತಿ. ಬೇಡ ಅಂದರೆ ಬ್ರೇಕ್ ಇದೆ, ಹ್ಯಾಂಡ್‌ಬ್ರೇಕೂ ಇದೆ.

ಪ್ರಶ್ನೆ: ಕೆಟ್ಟು ನಿಂತ ಆಟೊಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಎಳೆಯಬಹುದಾ?

ಬೇಡ. ಎಂಜಿನ್ ನಿಂತರೆ ಆಯಿಲ್ ಪಂಪೂ ನಿಲ್ಲುತ್ತದೆ, ಚಕ್ರ ತಿರುಗಿದಷ್ಟೂ ಒಳಗೆ ಒಣಗಿ ತೇಯುತ್ತದೆ. ಫ್ಲ್ಯಾಟ್‌ಬೆಡ್ ಲಾರಿ ಕರೆಸಿ, ಬಾಡಿಗೆ ಜಾಸ್ತಿ ಅಂತ ನನಗೆ ಬರೆಯಬೇಡಿ.