ಕೊಂಡಿ ಹಾಕುವ ಕೈ

ಇಳಕಲ್ ಸೀರೆಯ ಮೈಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವುದು ಇವರ ಕಸುಬು. ವಯಸ್ಸು ಮೂವತ್ತೆಂಟು. ಹೆಂಡತಿ ಬಾಗಲಕೋಟೆಯ ನನ್ನ ಸಮಾಲೋಚನಾ ಕೊಠಡಿಗೆ ಕರೆತಂದದ್ದು ಒಂದೇ ದೂರು ಹೊತ್ತು: ‘ಆಸ್ಪತ್ರೆಯ ಹೆಸರೆತ್ತಿದರೆ ಊಟ ಬಿಟ್ಟು ಏಳುತ್ತಾರೆ.’ (ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.) ಮನಸ್ಸು ಉನ್ಮಾದ-ಖಿನ್ನತೆಗಳ ನಡುವೆ ತೂಗುವ ಬೈಪೋಲಾರ್ ಕಾಯಿಲೆ, ಉನ್ಮಾದ ಏರಿದಾಗ ಹದಿನೆಂಟು ದಿನ ಒಳರೋಗಿಯಾಗಿದ್ದರು. ಆ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ಹಿಡಿಸಿತು, ನಿದ್ದೆ ಮರಳಿತು, ಮಗ್ಗವೂ ಶುರುವಾಯಿತು. ಮರುಭೇಟಿಗೆ ಮಾತ್ರ ಹೋಗಲೊಲ್ಲರು.

ಡಾಕ್ಟರ ಬಗ್ಗೆ ಕೇಳಿದೆ. ‘ಒಳ್ಳೆಯವರೇ ಇರಬೇಕು, ಬೆಳಿಗ್ಗೆ ಎರಡು ನಿಮಿಷ ಬರುತ್ತಿದ್ದರು’ ಎಂದರು. ಅವರ ನೆನಪಿನ ತುಂಬ ಇದ್ದದ್ದು ರಾತ್ರಿ ಪಾಳಿಯವರು. ಮೂರನೆಯ ರಾತ್ರಿ ಸಹಾಯಕನೊಬ್ಬ ಕೈಗಳನ್ನು ಮಂಚಕ್ಕೆ ಕಟ್ಟಿ, ‘ಇನ್ನು ಹಾಡು ನೋಡೋಣ’ ಎಂದು ನಕ್ಕಿದ್ದ. ಬೆಳಗಿನ ಜಾವ ನೆಲ ಒರೆಸಲು ಬಂದ ಹೆಂಗಸು ಗಂಟಿನ ಅಡಿಗೆ ಬಟ್ಟೆಯ ಚೂರು ತುರುಕಿ, ‘ಕೊಂಡಿ ಹಾಕುವ ಕೈ ಅಣ್ಣಾ, ಜೋಪಾನ’ ಎಂದಿದ್ದಳು. ಅಷ್ಟು ದಿನಗಳಲ್ಲಿ ಅವರ ಕಸುಬು ಕೇಳಿ ತಿಳಿದುಕೊಂಡವಳು ಅವಳೊಬ್ಬಳೇ. ಹೇಳುವಾಗ ಎಡ ಮಣಿಕಟ್ಟನ್ನು ಸವರಿಕೊಳ್ಳುತ್ತಲೇ ಇದ್ದರು.

‘ಅದೆಲ್ಲ ತಲೆ ಕೆಟ್ಟಾಗಿನ ಭ್ರಮೆ’ ಎಂದರು ಜೊತೆಗೆ ಬಂದಿದ್ದ ಅಣ್ಣ. ಈ ಮಾತು ನನಗೆ ಹೊಸದಲ್ಲ. ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಉನ್ಮಾದದ ನೆನಪನ್ನೆಲ್ಲ ನಂಬಬೇಕೆಂದು ನಾನೂ ಹೇಳುವುದಿಲ್ಲ. ಡಾಕ್ಟರು ಸೀರೆಯ ವಿನ್ಯಾಸ ಕದಿಯಲು ಬಂದವರೆಂದು ಆಗ ಅನ್ನಿಸಿತ್ತಂತೆ. ಈಗ ಅದಕ್ಕೆ ಅವರೇ ನಗುತ್ತಾರೆ. ಕಟ್ಟಿದ್ದನ್ನು ಹೇಳುವಾಗ ನಗಲಿಲ್ಲ. ನನಗೆ ಅಷ್ಟು ಸಾಕಾಯಿತು.

ಮೊದಲು ಮಾತ್ರೆಯ ವಿಷಯ ಹೇಳಿದೆ. ಆಸ್ಪತ್ರೆಯ ಮೇಲಿನ ಮುನಿಸನ್ನು ಲಿಥಿಯಂ ಮೇಲೆ ತೀರಿಸಿಕೊಳ್ಳಬೇಡಿ, ಥಟ್ಟನೆ ಬಿಟ್ಟರೆ ಉನ್ಮಾದ ಮರಳಬಹುದು. ರಕ್ತದಲ್ಲಿ ಅದರ ಮಟ್ಟ, ಮೂತ್ರಪಿಂಡ, ಥೈರಾಯ್ಡ್ ಆಗಾಗ ಪರೀಕ್ಷೆಯಾಗಬೇಕು. ನಮ್ಮ ಬೇಸಿಗೆಯಲ್ಲಿ ಬೆವರಿ ಮೈಯ ನೀರು ಇಳಿದರೆ ಆ ಮಟ್ಟ ಅಪಾಯಕ್ಕೆ ಏರಬಹುದು. ವಾಂತಿ-ಭೇದಿಯಾದರೆ, ಕೈ ವಿಪರೀತ ನಡುಗಿದರೆ ಅಂದೇ ವೈದ್ಯರನ್ನು ಕಾಣಿ. ಅದೇ ಆಸ್ಪತ್ರೆಗೆ ಹೋಗಬೇಕೆಂದೇನಿಲ್ಲ, ಬಿಡುಗಡೆ ಚೀಟಿ ಹಿಡಿದು ಬೇರೆ ಮನೋವೈದ್ಯರಲ್ಲಿಗೂ ಹೋಗಬಹುದು.

ಆಮೇಲೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ ವಿವರಿಸಿದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯ ಮೇಲಷ್ಟೇ ಕಟ್ಟಬಹುದು. ಶಿಕ್ಷೆಗೆಂದು ಕಟ್ಟುವಂತಿಲ್ಲ, ಸಿಬ್ಬಂದಿ ಸಾಲದೆಂದೂ ಕಟ್ಟುವಂತಿಲ್ಲ. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ, ಅಂದರೆ ರೋಗಿಯ ಪರವಾಗಿ ನಿಲ್ಲುವವರಿಗೆ, 24 ಗಂಟೆಯೊಳಗೆ ತಿಳಿಸಬೇಕು. ಇವರ ಪ್ರತಿನಿಧಿಯಾದ ಹೆಂಡತಿಗೆ ಯಾರೂ ತಿಳಿಸಿರಲಿಲ್ಲ. ಮುಂದೆ ಕಾಯಿಲೆ ಮರುಕಳಿಸಿದರೆ ಹೇಗೆ ನೋಡಿಕೊಳ್ಳಬೇಕೆಂದು ಮುಂಗಡ ನಿರ್ದೇಶನ ಬರೆದಿಡಿ ಎಂದೆ. ತುರ್ತು ಚಿಕಿತ್ಸೆಗೆ ಅದು ಅನ್ವಯಿಸದು ಎಂಬುದನ್ನೂ ಮುಚ್ಚಿಡಲಿಲ್ಲ.

ಮುಂದಿನ ಭೇಟಿಗೆ ಎರಡು ಹಾಳೆ ತಂದರು. ಒಂದು ದೂರು, ಇನ್ನೊಂದು ಆ ಹೆಂಗಸಿನ ಬಗ್ಗೆ. ಬಟ್ಟೆ ತುರುಕಿದ ಸಂಗತಿ ತೆಗೆದುಬಿಡಿ, ಅವಳಿಗೆ ತೊಂದರೆಯಾದೀತು ಎಂದೆ.

‘ಅದನ್ನು ಬಿಟ್ಟು ಇನ್ನೇನು ಬರೆಯಲಿ?’ ಎಂದರು.