ಗ್ಯಾಲರಿಯ ಹಾಡು ಯಾಕೆ ಚದುರುತ್ತದೆ?

ಪ್ರಶ್ನೆ: ಊರಿನ ಫುಟ್‌ಬಾಲ್ ಟೂರ್ನಿಗೆಂದು 16 ಸಾಲಿನ ಹಾಡು ಕಟ್ಟಿ ಮೈಕಿನಲ್ಲಿ ಹಾಕಿದೆವು. ಎರಡನೇ ಚರಣಕ್ಕೇ ಒಂದೊಂದು ಕಡೆಯವರು ಒಂದೊಂದು ಸಾಲಿನಲ್ಲಿದ್ದರು. ಇಂಗ್ಲೆಂಡಿನ ಲಿವರ್‌ಪೂಲ್ ಮೈದಾನದಲ್ಲಿ ಸಾವಿರಾರು ಜನ ಒಟ್ಟಿಗೆ ಹೇಗೆ ಹಾಡುತ್ತಾರೆ?
– ಸುಂಟಿಕೊಪ್ಪದ ಓದುಗರು

ಉತ್ತರ: ತಪ್ಪು ಜನರದ್ದಲ್ಲ, ದೂರದ್ದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಒಂದು ಗೋಲಿನ ಹಿಂದೆ ಬಿದ್ದ ತಾಳದ ಪೆಟ್ಟು, 100 ಮೀಟರ್ ಆಚೆ ಇನ್ನೊಂದು ಗೋಲಿನ ಹಿಂದೆ ನಿಂತವರಿಗೆ 0.3 ಸೆಕೆಂಡ್ ತಡವಾಗಿ ಕೇಳುತ್ತದೆ. ನಿಮಿಷಕ್ಕೆ 140 ಪೆಟ್ಟಿನ ಡಿಜೆ ಹಾಡಾದರೆ ಎರಡು ಪೆಟ್ಟುಗಳ ನಡುವಿನ ಬಿಡುವೇ 0.43 ಸೆಕೆಂಡ್. ಅಲ್ಲಿಗೆ ಒಂದು ಸಾಲು ಕಲಸಿಹೋಯಿತು.

ಲಿವರ್‌ಪೂಲ್ ಅಭಿಮಾನಿಗಳ ಹಾಡು ‘ಯೂ ವಿಲ್ ನೆವರ್ ವಾಕ್ ಅಲೋನ್’ ಮೂಲತಃ 1945ರ ಅಮೆರಿಕದ ಸಂಗೀತ ನಾಟಕದ್ದು. 1963ರಲ್ಲಿ ಅದೇ ಊರಿನ ಜೆರಿ ಆ್ಯಂಡ್ ದ ಪೇಸ್‌ಮೇಕರ್ಸ್ ಸಂಗೀತ ತಂಡ ಹಾಡಿದ ಮೇಲೆ ಗ್ಯಾಲರಿಗೆ ಬಂತು. ನಿಧಾನದ ಹಾಡು, ಎಳೆದು ಹಾಡುವ ಸ್ವರಗಳು, ಆ 0.3 ಸೆಕೆಂಡ್ ಎಳೆತದಲ್ಲೇ ಕರಗುತ್ತದೆ. ನಿಮಗೆ ಇನ್ನೂ ಹತ್ತಿರದ ಮಾದರಿ ಅಮೆರಿಕದ ವೈಟ್ ಸ್ಟ್ರೈಪ್ಸ್ ರಾಕ್ ಸಂಗೀತ ತಂಡದ 2003ರ ‘ಸೆವೆನ್ ನೇಷನ್ ಆರ್ಮಿ’ ಹಾಡಿನದು. ಅದರಲ್ಲಿನ ಏಳೇ ಸ್ವರಗಳ ಗಿಟಾರ್ ತುಣುಕನ್ನು ಬೆಲ್ಜಿಯಂನ ಬ್ರೂಗ್ ಫುಟ್‌ಬಾಲ್ ತಂಡದ ಅಭಿಮಾನಿಗಳು ಎತ್ತಿಕೊಂಡರು. 2006ರ ವಿಶ್ವಕಪ್‌ನಲ್ಲಿ ಅದು ಇಟಲಿಯವರ ಕೂಗಾಯಿತು. ಮಾತೇ ಇಲ್ಲ, ಹಾಗಾಗಿ ಗಡಿಯೂ ಅಡ್ಡಬರಲಿಲ್ಲ. ಕನ್ನಡ, ಕೊಡವ, ಮಲಯಾಳ, ತುಳು, ತಮಿಳು ಎಲ್ಲ ಒಂದೇ ಬೇಲಿಗೆ ಒರಗಿ ನಿಲ್ಲುವ ನಿಮ್ಮ ಮೈದಾನಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಕಾಣದು.

ಹದಿನಾರು ಸಾಲು ಬಿಟ್ಟು ಎರಡು ಉಳಿಸಿ. ಏರಿಳಿತ ಐದು ಸ್ವರ ದಾಟದಿರಲಿ, ವೇಗ ನಿಮಿಷಕ್ಕೆ 70ರಿಂದ 90 ಪೆಟ್ಟು. ತಗ್ಗಿನ ಶ್ರುತಿಯಲ್ಲೇ ಎತ್ತಿ. ಜೋಶ್ ಏರಿದಾಗ ಶ್ರುತಿ ತಾನಾಗಿ ಮೇಲೇರುತ್ತದೆ, ಮೊದಲೇ ಎತ್ತರದಲ್ಲಿದ್ದರೆ ಗಂಟಲು ಒಡೆಯುತ್ತದೆ. ಹಾಡು ಬಲ್ಲ 25 ಮಂದಿ 20 ಮೀಟರಿನೊಳಗೆ ಒತ್ತಾಗಿ ನಿಲ್ಲಲಿ, ಚೆಂಡೆ ಅವರ ನಡುವೆ ಇರಲಿ, ಅಂಚಿನಲ್ಲಿ ಬೇಡ. ದುಡಿ ಕೈಯಲ್ಲಿ ಹಿಡಿದು ಬಾರಿಸುವ ಪುಟ್ಟ ವಾದ್ಯ; ಈ ಗದ್ದಲದಲ್ಲಿ ಮುಳುಗುತ್ತದೆ. ಹಾಡುವಾಗ ಸ್ಪೀಕರ್ ಆಫ್ ಮಾಡಲೇಬೇಕು, ಎದುರು ತುದಿಯ ಸ್ಪೀಕರ್ ಎಂದರೆ ಎರಡನೇ ತಾಳ. ಕಾರ್ನರ್ ಸಿಕ್ಕಾಗ ಎತ್ತಿಕೊಳ್ಳಿ, ಚೆಂಡು ಇಡುವಷ್ಟು ಹೊತ್ತು ಸಿಗುತ್ತದೆ.

ಪ್ರಶ್ನೆ: ಜೆರ್ಸಿ ಮೇಲೆ ಪಕ್ಷದ ಘೋಷಣೆ ಹಾಕಿಸಿದರೆ ಪ್ರಾಯೋಜಕರು ಸಿಗುತ್ತಾರೆ. ಹಾಕಬಹುದೇ?
– ಸಿದ್ದಾಪುರದ ಓದುಗರು

ಉತ್ತರ: ಬೇಡ. ಆಟದ ನಿಯಮ 4ರ ಪ್ರಕಾರ ಉಡುಪಿನ ಮೇಲೆ ರಾಜಕೀಯ, ಧಾರ್ಮಿಕ, ವೈಯಕ್ತಿಕ ಘೋಷಣೆ ಇರುವಂತಿಲ್ಲ. ಗೋಲು ಹೊಡೆದು ಜೆರ್ಸಿ ಎತ್ತಿ ಒಳಬನಿಯನ್ ಮೇಲಿನ ಅಂಥ ಘೋಷಣೆ ತೋರಿಸಿದರೂ ತಪ್ಪೇ. ಫುಟ್‌ಬಾಲಿಗೆ ರಾಜಕೀಯ ಹೊಸದೇನಲ್ಲ. 1911ರ ಜುಲೈ 29ರಂದು ಕಲ್ಕತ್ತದ ಮೋಹನ್ ಬಾಗಾನ್ ತಂಡ ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಟೂರ್ನಿ ಗೆದ್ದಾಗ, ಹನ್ನೊಂದರಲ್ಲಿ ಹತ್ತು ಮಂದಿ ಬರಿಗಾಲಲ್ಲಿದ್ದರು. ದೇಶ ಅದನ್ನು ಬ್ರಿಟಿಷರ ಸೋಲೆಂದೇ ಓದಿತು. 1925ರಲ್ಲಿ ಬಾರ್ಸಿಲೋನಾ ಪ್ರೇಕ್ಷಕರು ಸ್ಪೇನಿನ ರಾಷ್ಟ್ರಗೀತೆಗೆ ಸಿಳ್ಳೆ ಹಾಕಿದ್ದಕ್ಕೆ ಸರ್ಕಾರ ಮೈದಾನವನ್ನೇ ತಿಂಗಳುಗಟ್ಟಲೆ ಮುಚ್ಚಿಸಿತು. ಅಲ್ಲಿ ಯಾರ ಎದೆಯ ಮೇಲೂ ಘೋಷಣೆ ಅಚ್ಚಾಗಿರಲಿಲ್ಲ. ಪ್ರಾಯೋಜಕರ ಅಂಗಡಿ ಹೆಸರು ಹಾಕಿಸಿ. ಬಟ್ಟೆಗೆ ಹೋಗುವ ಮುನ್ನ ಅಚ್ಚಿನ ನಮೂನೆಯನ್ನು ರೆಫ್ರಿಗೆ ತೋರಿಸಿ. ಪಂದ್ಯದ ದಿನ ತಕರಾರು ಬಂದರೆ ಹನ್ನೊಂದು ಜೆರ್ಸಿ ಎಲ್ಲಿಂದ ತರುತ್ತೀರಿ?